ಸರಿಯಗಲದ ಅಕ್ಷರ ಕನ್ನಡಕ್ಕೆ ಬೇಡವೆ?

ಕೊಳ್ಳೇಗಾಲದ ರೇಷ್ಮೆಯ ಮಗ್ಗವೊಂದರ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿದವರಿಗೆ ಒಂದು ಸಂಗತಿ ಮನದಟ್ಟಾಗದೆ ಇರದು. ಸೀರೆಯ ಅಂಚಿನಲ್ಲಿ ಹಂಸ ಮೂಡಬೇಕಾದರೂ ಸರಿ, ಮಾವಿನಕಾಯಿ ಮೂಡಬೇಕಾದರೂ ಸರಿ, ಅದರ ಚಿತ್ರವನ್ನು ಮೊದಲು ಚೌಕುಳಿ ಕಾಗದದ ಮೇಲೆ ಬಿಡಿಸಬೇಕು. ಆ ಕಾಗದದ ಒಂದೊಂದು ಚೌಕವೂ ಹಾಸಿನ ಎಳೆ ಹೊಕ್ಕಿನ ಎಳೆಯನ್ನು ಸಂಧಿಸುವ ಒಂದೊಂದು ಸ್ಥಾನ. ಚೌಕಗಳೆಲ್ಲವೂ ಒಂದೇ ಅಗಲ. ಹಣಿಗೆಯ ಹಲ್ಲುಗಳ ನಡುವಣ ಅಂತರವೂ ಒಂದೇ. ಒಂದು ಎಳೆ ತನ್ನ ಮನೆಯನ್ನು ಬಿಟ್ಟು ಪಕ್ಕದ ಮನೆಗೆ ಸರಿಯಿತೆಂದರೆ ಹಂಸದ ಕೊಕ್ಕು ಮುರಿಯಿತೆಂದೇ ಅರ್ಥ. ನೇಯುವವನಿಗೆ ಇದನ್ನು ಯಾರೂ ಹೇಳಿಕೊಡಬೇಕಾದುದಿಲ್ಲ. ಕಾಗದದ ಮೇಲೆ ಲೆಕ್ಕಪತ್ರಗಳನ್ನು ಬರೆಯುವ ನಾವು ಮಾತ್ರ ಈ ಪಾಠವನ್ನು ಮರೆತಿದ್ದೇವೆ.

ಹೀಗೆ ಹೇಳಲು ನನಗೆ ಕಾರಣವುಂಟು. ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳ ಅಂಕಪಟ್ಟಿಯೊಂದನ್ನು ನಾನು ಮನೆಯ ಗಣಕದಲ್ಲಿ ಕನ್ನಡದಲ್ಲಿಯೇ ಸಿದ್ಧಪಡಿಸಿದೆ. ಎಡಗಡೆ ಹೆಸರು, ಬಲಗಡೆ ಮೊದಲನೆಯ ಕಿರುಪರೀಕ್ಷೆ, ಎರಡನೆಯ ಕಿರುಪರೀಕ್ಷೆ ಎಂದು ಎರಡು ಕಂಬಸಾಲುಗಳು. ಅಂಕೆಗಳು ಒಂದರ ಕೆಳಗೊಂದು ನಿಲ್ಲಲೆಂದು ನಡುವೆ ಬೇಕಾದಷ್ಟು ಸಲ ತೆರಪಿನ ಕೀಲಿಯನ್ನು ಒತ್ತಿದೆ. ತೆರೆಯ ಮೇಲೆ ಪಟ್ಟಿ ಬಹು ಅಚ್ಚುಕಟ್ಟಾಗಿ ಕಂಡಿತು. ಅದನ್ನು ಮುದ್ರಿಸಿದ್ದು ಇನ್ನೊಂದು ಗಣಕದಲ್ಲಿ. ನಾನು ಬಳಸಿದ ಅಕ್ಷರರೂಪ ಅದರಲ್ಲಿ ಇರಲಿಲ್ಲವಾಗಿ ಯಂತ್ರವು ತನ್ನಲ್ಲಿದ್ದ ಬೇರೊಂದನ್ನು ಹಾಕಿಕೊಂಡಿತು. ಜ್ವರದ ಕಾರಣದಿಂದ ಮೊದಲನೆಯ ಪರೀಕ್ಷೆಗೆ ಬಾರದಿದ್ದ ಹುಡುಗಿಯೊಬ್ಬಳ ಹೆಸರಿನ ಮುಂದೆ ಮೊದಲ ಸ್ಥಾನವನ್ನು ಬರಿದಾಗಿ ಬಿಟ್ಟು, ಎರಡನೆಯ ಸ್ಥಾನದಲ್ಲಿ ೧೮ ಎಂದು ಬರೆದಿದ್ದೆ. ಹೊಸ ಮುದ್ರಣದಲ್ಲಿ ಆ ೧೮ ಎಡಕ್ಕೆ ಸರಿದು ಮೊದಲನೆಯ ಪರೀಕ್ಷೆಯ ಕೆಳಗೆ ನಿಂತಿತು, ಎರಡನೆಯದು ಬರಿದಾಯಿತು. ತಾನು ಬರೆದ ಪರೀಕ್ಷೆಗೆ ತಾನೇಕೆ ಬರಲಿಲ್ಲವೆಂದು ಆ ಹುಡುಗಿ ಉತ್ತರ ಹೇಳಬೇಕಾಯಿತು. ತಪ್ಪು ನನ್ನದೇ, ಅದನ್ನು ತಿದ್ದಿದ್ದೂ ಆಯಿತು. ಆದರೆ ನಾನು ಒಂದು ಅಂಕೆಯನ್ನಾಗಲಿ ಒಂದು ಅಕ್ಷರವನ್ನಾಗಲಿ ತಪ್ಪಾಗಿ ಬರೆದಿರಲಿಲ್ಲ. ಬರಹ ಸರಿಯಾಗಿಯೇ ಇದ್ದು ಅರ್ಥ ಮಾತ್ರ ಕೆಟ್ಟುದು ಹೇಗೆ ಎಂಬುದೇ ಇಲ್ಲಿ ವಿಚಾರ ಮಾಡಬೇಕಾದ ವಿಷಯ.

ಇದರ ಗಣಿತ ಸುಲಭ. ಒಂದು ಅಕ್ಷರರೂಪದಲ್ಲಿ ತೆರಪಿನ ಅಗಲ ೪ ಪಾಯಿಂಟ್, ಇನ್ನೊಂದರಲ್ಲಿ ೩ ಪಾಯಿಂಟ್ ಎಂದಿಟ್ಟುಕೊಳ್ಳಿ. ಇವೆರಡಕ್ಕೂ ಇರುವ ಭೇದ ಕಣ್ಣಿಗೆ ಕಾಣುವಂಥದಲ್ಲ. ಏಕೆಂದರೆ ೭೨ ಪಾಯಿಂಟುಗಳು ಸೇರಿದರೆ ಒಂದು ಅಂಗುಲ. ಆದರೆ ಸಾಲಿನಲ್ಲಿ ೩೦ ತೆರಪುಗಳಿದ್ದರೆ ಒಟ್ಟು ವ್ಯತ್ಯಾಸ ೩೦ ಪಾಯಿಂಟ್, ಎಂದರೆ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು. ಕಂಬಸಾಲೊಂದನ್ನು ಪಕ್ಕಕ್ಕೆ ತಳ್ಳಲು ಅಷ್ಟು ಸಾಕು. ಪ್ರಯೋಗಶಾಲೆಯಲ್ಲಿ ನಾವು ಎರಡು ಬಗೆಯ ದೋಷಗಳನ್ನು ಹೇಳುತ್ತೇವೆ. ಒಮ್ಮೆ ಹೆಚ್ಚಾಗಿ ಒಮ್ಮೆ ಕಡಮೆಯಾಗಿ ಬರುವ ದೋಷಗಳು ಬಹುಮಟ್ಟಿಗೆ ಒಂದನ್ನೊಂದು ಕಳೆಯುತ್ತವೆ. ಯಾವಾಗಲೂ ಒಂದೇ ಕಡೆಗೆ ಬಾಗುವ ದೋಷವಾದರೋ ಹನಿ ಹನಿ ಕೂಡಿ ಹಳ್ಳವಾಗುತ್ತದೆ. ತೆರಪಿನ ಕೀಲಿಯಿಂದ ಸಾಲುಗೂಡಿಸುವವನು ಈ ಎರಡನೆಯ ಬಗೆಯ ದೋಷವನ್ನು ತಾನಾಗಿಯೇ ಬರಮಾಡಿಕೊಳ್ಳುತ್ತಾನೆ.

ಹಾಗಾದರೆ ಹಿಂದಿನವರು ಇದಕ್ಕೆ ಏನು ಉಪಾಯ ಮಾಡಿದ್ದರು? ಬೆರಳಚ್ಚು ಯಂತ್ರವನ್ನು ನೋಡಿ. ಅದರಲ್ಲಿ ಯಾವ ಕೀಲಿಯನ್ನು ಒತ್ತಿದರೂ ಕಾಗದದ ಗಾಡಿ ಒಂದೇ ಹೆಜ್ಜೆ ಸರಿಯುತ್ತದೆ. ಪೈಕಾ ಎಂಬ ಅಳತೆಯ ಯಂತ್ರದಲ್ಲಿ ಅಂಗುಲಕ್ಕೆ ೧೦ ಅಕ್ಷರ, ಎಲೀಟ್ ಎಂಬುದರಲ್ಲಿ ೧೨. ಪೈಕಾದಲ್ಲಿ ಒಂದು ಹೆಜ್ಜೆಗೆ ೨.೫೪ ಮಿಲಿಮೀಟರ್. ಇಂಗ್ಲಿಷಿನ 'ಐ' ಸಣಕಲು ಅಕ್ಷರ, 'ಎಮ್' ದಪ್ಪ ಅಕ್ಷರ; ಆದರೆ ಈ ಯಂತ್ರದ ಮುಂದೆ ಇಬ್ಬರಿಗೂ ಸಮಪಾಲು. ಅದಕ್ಕಾಗಿಯೇ 'ಐ'ಗೆ ಅಡಿಯಲ್ಲಿ ಅಗಲವಾದ ಪಾದವನ್ನು ಕೊಟ್ಟು ಬರಿದಾದ ಜಾಗವನ್ನು ತುಂಬಿದರು. 'ಎಮ್'ನ ಮೂರು ಕಾಲುಗಳನ್ನು ಹತ್ತಿರಕ್ಕೆ ಅಮುಕಿದರು. ೧೯೫೦ರ ದಶಕದ ನಡುವೆ ಐಬಿಎಂ ಸಂಸ್ಥೆಗಾಗಿ ಹೋವರ್ಡ್ ಕೆಟ್ಲರ್ ಎಂಬಾತ ರಚಿಸಿದ ಕೊರಿಯರ್ ಎಂಬ ಅಕ್ಷರರೂಪ ಈ ಜಾತಿಯದು. ಇಂದಿನ ಗಣಕಗಳಲ್ಲಿಯೂ ಅದು ಉಳಿದುಬಂದಿದೆ. ೧೨ ಪಾಯಿಂಟ್ ಗಾತ್ರದ ಕೊರಿಯರಿನಲ್ಲಿ ಪ್ರತಿ ಅಕ್ಷರದ ಅಗಲ ೭.೨ ಪಾಯಿಂಟ್, ಎಂದರೆ ಸರಿಯಾಗಿ ಅಂಗುಲದ ಹತ್ತನೆಯ ಒಂದು ಭಾಗ. ಹಳೆಯ ಪೈಕಾದ ಹೆಜ್ಜೆಯೇ ಅದು. ಗಣಕದವರು ಮಾನೋಸ್ಪೇಸ್ ಎಂದು ಕರೆಯುವ ಇಂಥ ಅಕ್ಷರಗಳನ್ನು ನಾವು ಸರಿಯಗಲದ ಅಕ್ಷರಗಳು ಎನ್ನೋಣ.

ಗಣಕಕ್ಕೂ ಮಗ್ಗಕ್ಕೂ ಇರುವ ನಂಟು ಕೇವಲ ಉಪಮಾನವಲ್ಲ. ೧೮೦೪ರ ಸುಮಾರಿನಲ್ಲಿ ಫ್ರಾನ್ಸಿನ ಜಕಾರ್ಡನು ರಂಧ್ರ ಕೊರೆದ ರಟ್ಟುಗಳಿಂದ ಮಗ್ಗದ ಎಳೆಗಳನ್ನು ಎತ್ತಿಸುವ ಸಾಧನವನ್ನು ರೂಢಿಗೆ ತಂದನು. ೧೮೯೦ರ ಅಮೆರಿಕದ ಜನಗಣತಿಯಲ್ಲಿ ಹಾಲರಿತ್ ಎಂಬಾತ ರಂಧ್ರದ ರಟ್ಟುಗಳನ್ನೇ ಎಣಿಕೆಗೆ ಬಳಸಿದನು. ೧೯೨೮ರಲ್ಲಿ ಐಬಿಎಂ ಹೊರತಂದ ರಟ್ಟಿನಲ್ಲಿ ೮೦ ಕಂಬಸಾಲುಗಳಿದ್ದುವು. ಒಂದು ಕಂಬಸಾಲಿಗೆ ಒಂದು ಅಕ್ಷರ. ಮುಂದೆ ಬಂದ ಗಣಕದ ತೆರೆಗಳಲ್ಲಿಯೂ ಸಾಲಿಗೆ ೮೦ ಅಕ್ಷರವೆಂಬ ರೂಢಿ ಬೇರೂರಿತು. ಮಗ್ಗದ ಚೌಕುಳಿಯೇ ರೂಪಾಂತರ ಹೊಂದಿ ಗಣಕದ ತೆರೆಯನ್ನು ಸೇರಿತೆಂದರೆ ಅತಿಶಯೋಕ್ತಿಯಾಗದು.

ಆದರೆ ಈ ಚೌಕುಳಿಯನ್ನು ಹೊಲಿದುದು ಇಂಗ್ಲಿಷಿನ ಅಳತೆಗೆ. ಕನ್ನಡದ ಅಕ್ಷರ ಆ ಅಂಗಿಯೊಳಗೆ ಹಿಡಿಸದು. ನಮ್ಮ 'ಠ' ಪುಟ್ಟದು, 'ಣ' ಅಗಲವಾದುದು, 'ಯೋ' ಎಂಬುದಂತೂ ಹಲವು ಅಕ್ಷರರೂಪಗಳಲ್ಲಿ 'ಠ'ದ ಎರಡರಷ್ಟಕ್ಕಿಂತಲೂ ಹೆಚ್ಚು ಜಾಗವನ್ನು ಬೇಡುತ್ತದೆ. ಒತ್ತಕ್ಷರ ಕೆಳಗೆ ಇಳಿಯುತ್ತದೆ. ಅರ್ಕಾವೊತ್ತು ಬಲಕ್ಕೆ ನಿಲ್ಲುತ್ತದೆ. ದೀರ್ಘದ ಗುರುತು ಅದರ ಆಚೆಗೆ ಚಾಚುತ್ತದೆ. ಅನಂತಸುಬ್ಬರಾಯರು ಕನ್ನಡ ಬೆರಳಚ್ಚು ಯಂತ್ರಕ್ಕೆ ಕೀಲಿಮಣೆಯನ್ನು ಹೊಂದಿಸಿದಾಗ ಎದುರಿಸಬೇಕಾದ ಕಷ್ಟವೂ ಇದೇ. ಗಾಡಿಯ ಹೆಜ್ಜೆ ಒಂದೇ, ಅಕ್ಷರದ ಅಗಲ ಹಲವು. ಅಂಥ ಯಂತ್ರದಲ್ಲಿ ಹೊರಟ ಕನ್ನಡ ಸುಂದರವಾಗಿತ್ತೆಂದು ಯಾರೂ ಹೇಳಲಾರರು. ಆದರೆ ಹಲವು ದಶಕಗಳ ಕಾಲ ನಮ್ಮ ಕಚೇರಿಗಳ ಪಟ್ಟಿಗಳನ್ನೂ ತಖ್ತೆಗಳನ್ನೂ ಅದು ಹೊತ್ತು ನಡೆಸಿತು; ಅದರಲ್ಲಿ ಒತ್ತಿದ ಅಂಕೆ ಒತ್ತಿದಲ್ಲಿಯೇ ನಿಂತಿತು.

ಇಂದು ಆ ಯಂತ್ರಗಳು ಮೂಲೆ ಸೇರಿವೆ. ಅವುಗಳ ಸ್ಥಾನಕ್ಕೆ ಬಂದ ಗಣಕದಲ್ಲಿ ಕನ್ನಡಕ್ಕೆ ಅಂದವಾದ ಅಕ್ಷರರೂಪಗಳು ಬಂದುವು, ಆದರೆ ಸರಿಯಗಲ ಹೋಯಿತು. ಕೊರಿಯರ್, ಕನ್ಸೋಲಾಸ್, ನೋಟೋ ಸ್ಯಾನ್ಸ್ ಮಾನೋ ಮೊದಲಾದ ಹೆಸರಾಂತ ಸರಿಯಗಲದ ಅಕ್ಷರರೂಪಗಳಲ್ಲಿ ಕನ್ನಡದ ಅಕ್ಷರಗಳೇ ಇಲ್ಲ. ಇವುಗಳಲ್ಲಿ ಒಂದನ್ನು ಆರಿಸಿಕೊಂಡು ಕನ್ನಡವನ್ನು ಬರೆದರೆ ಯಂತ್ರವು ಸದ್ದಿಲ್ಲದೆ ತುಂಗಾ, ನಿರ್ಮಲಾ ಮುಂತಾದ ಬೇರೊಂದು ಅಕ್ಷರರೂಪದಿಂದ ಕನ್ನಡವನ್ನು ಎರವಲು ತರುತ್ತದೆ. ಬರೆಯುವವನು ತಾನು ಸರಿಯಗಲದಲ್ಲಿ ಬರೆಯುತ್ತಿದ್ದೇನೆಂದು ನಂಬಿರುತ್ತಾನೆ. ಕಾಗದದ ಮೇಲೆ ಆಗುವುದೇ ಬೇರೆ.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಇನ್ನೊಂದುಂಟು. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆಗಳನ್ನು ಕೊಡುವ ಯೂನಿಕೋಡ್ ಪದ್ಧತಿಯ ಮೊದಲನೆಯ ಆವೃತ್ತಿ ೧೯೯೧ರಲ್ಲಿ ಬಂದಿತು. ಅದರಲ್ಲಿ ಕನ್ನಡಕ್ಕೆ ೧೨೮ ಸ್ಥಾನಗಳ ಒಂದು ಕೇರಿ ಮೀಸಲಾಯಿತು. ಈ ಪದ್ಧತಿಯಲ್ಲಿ ವ್ಯಂಜನಕ್ಕೆ ಒಂದು ಸಂಖ್ಯೆ, ಸ್ವರದ ಗುರುತಿಗೆ ಒಂದು ಸಂಖ್ಯೆ, ಒತ್ತನ್ನು ಕಟ್ಟುವ ಗುರುತಿಗೆ ಮತ್ತೊಂದು. ನಮ್ಮ ಮೂರು ಊರುಗಳ ಹೆಸರನ್ನೇ ತೆಗೆದುಕೊಳ್ಳಿ. 'ಕೊಳ್ಳೇಗಾಲ' ಎಂಬುದನ್ನು ನಾವು ಓದುವುದು ೪ ಅಕ್ಷರಗಳಾಗಿ. ಗಣಕ ಎಣಿಸುವುದು ೯ ಸಂಕೇತಗಳಾಗಿ. 'ಯಳಂದೂರು' ನಮಗೆ ೪, ಗಣಕಕ್ಕೆ ೭. 'ಹನೂರು' ನಮಗೆ ೩, ಗಣಕಕ್ಕೆ ೫. ಈಗ ಪ್ರತಿ ಹೆಸರನ್ನೂ ೧೨ ಸ್ಥಾನಗಳಿಗೆ ತುಂಬಿಸಿ ಅದರ ಮುಂದೆ ಮಳೆಯ ಅಳತೆಯನ್ನು ಬರೆಯೆಂದು ಗಣಕಕ್ಕೆ ಆಜ್ಞೆಯಿತ್ತೆವೆನ್ನಿ. ಅದು ಕೊಳ್ಳೇಗಾಲಕ್ಕೆ ೩, ಯಳಂದೂರಿಗೆ ೫, ಹನೂರಿಗೆ ೭ ತೆರಪುಗಳನ್ನು ಸೇರಿಸುತ್ತದೆ. ಲೆಕ್ಕದ ಸೌಕರ್ಯಕ್ಕಾಗಿ ಕಣ್ಣಿಗೆ ಕಾಣುವ ಪ್ರತಿ ಅಕ್ಷರಕ್ಕೂ ಎರಡು ಮನೆಯ ಅಗಲ, ತೆರಪಿಗೆ ಒಂದು ಮನೆ ಎಂದಿಟ್ಟುಕೊಂಡರೆ ಕೊಳ್ಳೇಗಾಲದ ಸಾಲು ೧೧ ಮನೆಗಳಿಗೆ ಮುಗಿಯುತ್ತದೆ. ಉಳಿದ ಎರಡೂ ೧೩ಕ್ಕೆ. ಕೊಳ್ಳೇಗಾಲದ ಮಳೆ ಎರಡು ಮನೆ ಎಡಕ್ಕೆ ಸುರಿಯಿತು! ಅಕ್ಷರರೂಪ ಎಷ್ಟೇ ಸರಿಯಗಲದ್ದಾದರೂ ಎಣಿಕೆಯ ಈ ದೋಷ ಹೋಗದು. ಆದುದರಿಂದ ಕನ್ನಡಕ್ಕೆ ಬೇಕಾದುದು ಎರಡು ಸುಧಾರಣೆಗಳು: ಅಳತೆಗೆ ಒಗ್ಗುವ ಅಕ್ಷರ, ಅಕ್ಷರವನ್ನು ಅಕ್ಷರವಾಗಿಯೇ ಎಣಿಸುವ ಯಂತ್ರ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. "ಕನ್ನಡದ ಸೊಗಸು ಅದರ ದುಂಡುತನದಲ್ಲಿ, ಅದರ ಏರಿಳಿತದಲ್ಲಿ ಇದೆ. ಎಲ್ಲವನ್ನೂ ಒಂದೇ ಅಚ್ಚಿಗೆ ತಿದಿಯುವುದು ಅರಸಿಕತನ. ಇಂಗ್ಲಿಷಿನವರು ಮಾಡಿದರೆಂದು ನಾವೂ ಮಾಡಬೇಕೆ?" ಎಂದು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಕಥೆ, ಕಾವ್ಯ, ಪಾಠಗಳನ್ನು ಸರಿಯಗಲದಲ್ಲಿ ಅಚ್ಚು ಹಾಕಬೇಕೆಂದು ನಾನು ಹೇಳುವುದಿಲ್ಲ. ಓದಿಗೆ ಅಕ್ಷರಗಳು ತಮ್ಮ ಸಹಜವಾದ ಅಗಲದಲ್ಲಿಯೇ ಇರತಕ್ಕದ್ದು. ಇಲ್ಲವಾದರೆ ಕಣ್ಣು ಬೇಗನೆ ದಣಿಯುತ್ತದೆ. ಒತ್ತಾಯದಿಂದ ಅಮುಕಿದರೆ 'ದ'ಕ್ಕೂ 'ಧ'ಕ್ಕೂ, 'ಬ'ಕ್ಕೂ 'ಭ'ಕ್ಕೂ ಇರುವ ಸಣ್ಣ ಸೀಳಿನ ಭೇದವೇ ಮುಚ್ಚಿಹೋದೀತು. ಆದರೆ ಪಟ್ಟಿ ಓದುವ ಬರಹವಲ್ಲ, ನೋಡುವ ಬರಹ. ಅದರಲ್ಲಿ ಅಂಕೆಯ ಬೆಲೆ ಅದರ ಆಕಾರದಿಂದ ಅರ್ಧ, ಅದು ನಿಂತ ಸ್ಥಾನದಿಂದ ಅರ್ಧ. ಸ್ಥಾನದಿಂದ ಬೆಲೆಯೆಂಬ ತತ್ತ್ವವನ್ನು ಲೋಕಕ್ಕೆ ಕಲಿಸಿದವರು ನಾವೇ ಅಲ್ಲವೆ?

ಕನ್ನಡಕ್ಕೆ ಚೌಕುಳಿ ಹೊಸದೂ ಅಲ್ಲ. ಕುಮುದೇಂದುವಿನದೆಂದು ಹೇಳುವ ಸಿರಿಭೂವಲಯದಲ್ಲಿ ಬರಹವೆಲ್ಲ ೧ರಿಂದ ೬೪ರವರೆಗಿನ ಅಂಕೆಗಳಲ್ಲಿಯೇ ಇದೆ. ಅವುಗಳನ್ನು ೨೭ ಸಾಲು, ೨೭ ಕಂಬಸಾಲುಗಳ ಚಕ್ರಗಳಲ್ಲಿ, ಎಂದರೆ ೭೨೯ ಮನೆಗಳಲ್ಲಿ ತುಂಬಲಾಗಿದೆ. ಒಂದು ಅಂಕೆ ಮನೆ ತಪ್ಪಿದರೆ ಓದಿನ ದಾರಿಯೇ ತಪ್ಪುತ್ತದೆ. ಅಚ್ಚಿನ ಮೊಳೆಯ ಕಾಲದ ಮುದ್ರಣಕಾರರೂ ಜಾಣರು. ಅಕ್ಷರಗಳಿಗೆ ಬೇರೆ ಬೇರೆ ಅಗಲವನ್ನು ಇಟ್ಟು, ಅಂಕೆಗಳನ್ನು ಮಾತ್ರ ಒಂದೇ ಅಗಲಕ್ಕೆ ಎರಕ ಹೊಯ್ಯುವ ಪದ್ಧತಿಯನ್ನು ಅವರು ಇಟ್ಟುಕೊಂಡಿದ್ದರು. ಪಂಚಾಂಗದ ಘಳಿಗೆ ವಿಘಳಿಗೆಗಳೂ ಬಡ್ಡಿಯ ಕೋಷ್ಟಕಗಳೂ ಒಂದರ ಕೆಳಗೊಂದು ನಿಲ್ಲಬೇಕಾದರೆ ಇದಲ್ಲದೆ ಗತಿಯಿಲ್ಲ.

ಈ ಎಲ್ಲ ವಿಚಾರಗಳಿಂದ ನನ್ನ ಅಭಿಪ್ರಾಯ ಹೀಗೆ ರೂಪುಗೊಂಡಿದೆ. ಮೊದಲನೆಯದಾಗಿ, ಕಚೇರಿಗಳಿಗೂ ಶಾಲೆಗಳಿಗೂ ಒಪ್ಪಿತವಾಗುವ ಯಾವ ಕನ್ನಡ ಅಕ್ಷರರೂಪದಲ್ಲಿಯೇ ಆಗಲಿ ೦ಯಿಂದ ೯ರವರೆಗಿನ ಅಂಕೆಗಳೆಲ್ಲ ಒಂದೇ ಅಗಲದವಾಗಿರಬೇಕು. ಇದನ್ನು ಪರೀಕ್ಷಿಸಲು ಯಾವ ಉಪಕರಣವೂ ಬೇಡ. ಒಂದು ಸಾಲಿನಲ್ಲಿ ಹತ್ತು ೧ಗಳನ್ನೂ ಅದರ ಕೆಳಗೆ ಹತ್ತು ೪ಗಳನ್ನೂ ಬರೆಯಿರಿ. ಎರಡು ಸಾಲುಗಳ ತುದಿಯೂ ಕೂಡಿದರೆ ಅಕ್ಷರರೂಪ ಲೆಕ್ಕಕ್ಕೆ ಯೋಗ್ಯ. ಇಲ್ಲವಾದರೆ ಅದನ್ನು ಕವನಕ್ಕೆ ಬಿಟ್ಟುಬಿಡಿ.

ಎರಡನೆಯದಾಗಿ, ಕನ್ನಡಕ್ಕೆ ತನ್ನದೇ ಆದ ಸರಿಯಗಲದ ಅಕ್ಷರರೂಪ ಬೇಕು. ಆದರೆ ಅದು ಇಂಗ್ಲಿಷಿನ ನಕಲಾಗಬಾರದು. ಜಪಾನೀಯರು ತಮ್ಮ ಲಿಪಿಗೆ ಪೂರ್ಣ ಅಗಲವೆಂದೂ ಅರ್ಧ ಅಗಲವೆಂದೂ ಎರಡು ಅಳತೆಗಳನ್ನು ಇಟ್ಟುಕೊಂಡಿದ್ದಾರೆ. ಅಗಲವಾದ ಅಕ್ಷರ ಎರಡು ಮನೆಗಳನ್ನು ಹಿಡಿಯುತ್ತದೆ, ಕಿರಿದಾದುದು ಒಂದನ್ನು. ನಾವೂ ಅಂಕೆಗೆ ಒಂದು ಮನೆ, ಸಾಧಾರಣ ಅಕ್ಷರಕ್ಕೆ ಎರಡು, 'ಯೋ' 'ಣೂ'ಗಳಂಥ ವಿಶಾಲವಾದವಕ್ಕೆ ಮೂರು ಎಂದು ಗೊತ್ತುಮಾಡಬಹುದು. ಹೀಗಾದರೆ ದುಂಡುತನಕ್ಕೆ ಕುಂದಿಲ್ಲ, ಚೌಕುಳಿಗೆ ಭಂಗವಿಲ್ಲ. ನೇಯುವವನೂ ಹೀಗೆಯೇ ಅಲ್ಲವೆ ಮಾಡುವುದು? ಹಂಸಕ್ಕೆ ಹೆಚ್ಚು ಮನೆ, ಚುಕ್ಕಿಗೆ ಒಂದು ಮನೆ. ಆದರೆ ಮನೆಯ ಅಳತೆ ಎಲ್ಲಕ್ಕೂ ಒಂದೇ.

ಅಂದದ ಮಾತನ್ನೂ ಇಲ್ಲಿಯೇ ಹೇಳಬೇಕು. ಸರಿಯಗಲದ ಅಕ್ಷರವನ್ನು ಆರಿಸುವಾಗ ಕೇವಲ ಸಾಲುಗೂಡಿದರೆ ಸಾಲದು. ಒಂದನ್ನು ಇನ್ನೊಂದೆಂದು ಭ್ರಮಿಸದಂತೆ ಇರಬೇಕು. ಇಂಗ್ಲಿಷಿನಲ್ಲಿ ಸೊನ್ನೆಗೂ 'ಓ' ಅಕ್ಷರಕ್ಕೂ ಗೊಂದಲ. ಆದುದರಿಂದ ಕನ್ಸೋಲಾಸ್ ಮೊದಲಾದವುಗಳಲ್ಲಿ ಸೊನ್ನೆಯ ಹೊಟ್ಟೆಯಲ್ಲಿ ಒಂದು ಗೆರೆಯನ್ನು ಎಳೆದಿದ್ದಾರೆ. ಕನ್ನಡದಲ್ಲಿ ಸೊನ್ನೆ ಎಂಬ ಅಂಕೆಗೂ ಅನುಸ್ವಾರಕ್ಕೂ ರೂಪ ಒಂದೇ. ಅರ್ಕಾವೊತ್ತು ಒಂಬತ್ತನ್ನು ಹೋಲುತ್ತದೆ. ಪಟ್ಟಿಗಾಗಿ ರಚಿಸುವ ಅಕ್ಷರರೂಪದಲ್ಲಿ ಅಂಕೆಗಳಿಗೆ ಸ್ವಲ್ಪ ಹೆಚ್ಚು ಎತ್ತರವನ್ನು ಕೊಟ್ಟರೆ ಈ ತೊಡಕು ನೀಗುತ್ತದೆ. ಕನ್ನಡದೊಡನೆ ಇಂಗ್ಲಿಷೂ ಬರುವ ಬರಹದಲ್ಲಿ ಎರಡರ ಗೆರೆಯ ದಪ್ಪವೂ ಹೊಂದಿಕೆಯಾಗಿರಬೇಕು. ಕೊರಿಯರಿನ ಗೆರೆ ತೆಳು. ದಪ್ಪನೆಯ ಕನ್ನಡದ ಪಕ್ಕದಲ್ಲಿ ಅದು ಬಡಕಲಾಗಿ ಕಾಣುತ್ತದೆ. ಅಲ್ಲಿ ಕನ್ಸೋಲಾಸ್, ಡೆಜಾವು ಸ್ಯಾನ್ಸ್ ಮಾನೋ ಮುಂತಾದುವು ಹೆಚ್ಚು ಒಪ್ಪುತ್ತವೆ. ಇನ್ನು ಸಾಲುಗಳ ನಡುವಣ ಅಂತರ. ಇಂಗ್ಲಿಷಿಗೆ ಸಾಲುವ ಅಂತರ ಕನ್ನಡದ ಒತ್ತಕ್ಷರಗಳಿಗೆ ಸಾಲದು. ಒಂದೂವರೆಯಷ್ಟಾದರೂ ಬಿಡದಿದ್ದರೆ 'ಳ್ಳ'ದ ಕಾಲು ಕೆಳಗಣ ಸಾಲಿನ ತಲೆಕಟ್ಟನ್ನು ತುಳಿಯುತ್ತದೆ.

ಮೂರನೆಯದಾಗಿ, ಇಂಥ ಅಕ್ಷರರೂಪ ಕೈಗೆ ಸಿಕ್ಕುವವರೆಗೆ ನಾವು ಮಾಡಬಹುದಾದುದನ್ನು ಮಾಡೋಣ. ಸಾಲುಗೂಡಿಸಲು ತೆರಪಿನ ಕೀಲಿಯನ್ನು ಬಳಸುವ ಅಭ್ಯಾಸವನ್ನು ಬಿಡಬೇಕು. ಗಣಕದಲ್ಲಿ ಕೋಷ್ಟಕವನ್ನು ಹಾಕುವ ಏರ್ಪಾಡುಂಟು. ಟ್ಯಾಬ್ ಕೀಲಿಗೆ ನಿಲುಗಡೆಗಳನ್ನು ಗೊತ್ತುಮಾಡುವ ಏರ್ಪಾಡೂ ಉಂಟು. ದಶಮಾಂಶದ ಬಿಂದುವಿಗೆ ಸರಿಯಾಗಿ ಅಂಕೆಗಳನ್ನು ನಿಲ್ಲಿಸುವ ನಿಲುಗಡೆಯೂ ಅದರಲ್ಲಿ ಸೇರಿದೆ. ಇವುಗಳಲ್ಲಿ ಅಂಕೆಯ ಸ್ಥಾನ ಅದರ ಹಿಂದಿನ ಅಕ್ಷರಗಳ ಅಗಲವನ್ನು ಅವಲಂಬಿಸುವುದಿಲ್ಲ. ಅಕ್ಷರರೂಪ ಬದಲಾದರೂ ಅಂಕೆ ಕದಲದು. ಬರಿದಾದ ಸ್ಥಾನವನ್ನು ಎಂದೂ ಬರಿದಾಗಿ ಬಿಡದೆ ಅಲ್ಲಿ ಒಂದು ಅಡ್ಡಗೆರೆಯನ್ನು ಹಾಕಬೇಕು. ಬೇರೆಯವರ ಗಣಕಕ್ಕೆ ಕಳುಹಿಸುವಾಗ ಅಕ್ಷರರೂಪವನ್ನು ಒಳಗೊಂಡ ಪಿಡಿಎಫ್ ರೂಪದಲ್ಲಿ ಕಳುಹಿಸಬೇಕು. ಇಷ್ಟನ್ನು ನಾನು ಮೊದಲೇ ತಿಳಿದಿದ್ದರೆ ಆ ಹುಡುಗಿ ಯಾರ ಮುಂದೆಯೂ ನಿಲ್ಲಬೇಕಾಗುತ್ತಿರಲಿಲ್ಲ.

"ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ದೊಡ್ಡ ಮಾತೇ?" ಎಂದು ಕೇಳುವವರು ಭೂಮಿಯ ಲೆಕ್ಕವನ್ನು ನೆನೆಯಲಿ. ನಮ್ಮ ಸೀಮೆಯವರಿಗೆ ದಾಖಲೆಯ ಬೆಲೆ ಗೊತ್ತಿದೆ. ಯಳಂದೂರು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದ ಊರು. ಕೊಳ್ಳೇಗಾಲ ೧೯೫೬ರ ನವೆಂಬರ್ ೧ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಹನೂರು ಕೊಳ್ಳೇಗಾಲದಿಂದ ಬೇರ್ಪಟ್ಟು ಈಚೆಗೆ ತಾನೇ ಒಂದು ತಾಲ್ಲೂಕಾಯಿತು. ಆಳ್ವಿಕೆ ಬದಲಾದಂತೆ ಕಾಗದಗಳೂ ಒಂದು ಕೈಯಿಂದ ಇನ್ನೊಂದು ಕೈಗೆ, ಒಂದು ನಮೂನೆಯಿಂದ ಇನ್ನೊಂದು ನಮೂನೆಗೆ ಸಾಗುತ್ತವೆ. ೨೦೦೦ದ ಸುಮಾರಿನಲ್ಲಿ ಭೂಮಿ ಯೋಜನೆಯಿಂದ ರಾಜ್ಯದ ಪಹಣಿಗಳು ಗಣಕವನ್ನು ಸೇರಿದುವು. ಪಹಣಿಯಲ್ಲಿ ವಿಸ್ತೀರ್ಣವನ್ನು ಎಕರೆ ಗುಂಟೆಗಳಲ್ಲಿ ಬರೆಯುತ್ತಾರೆ. ೪೦ ಗುಂಟೆಗೆ ಒಂದು ಎಕರೆ; ಒಂದು ಗುಂಟೆಗೆ ೧,೦೮೯ ಚದರ ಅಡಿ. ಇಂಥ ಲೆಕ್ಕವನ್ನು ಯಾರಾದರೂ ಬೇರೊಂದು ಕಾಗದಕ್ಕೆ ಬರೆದುಕೊಳ್ಳುವಾಗ ೧೨ ಗುಂಟೆಯೆಂಬ ಅಂಕೆಗಳಲ್ಲಿ ಮೊದಲಿನದು ಒಂದು ಮನೆ ಎಡಕ್ಕೆ ಸರಿದು ಎಕರೆಯ ಕೆಳಗೆ ನಿಂತಿತೆನ್ನಿ. ಆಗ ಅದನ್ನು ೧ ಎಕರೆ ೨ ಗುಂಟೆ ಎಂದು ಓದಬೇಕಾಗುತ್ತದೆ. ವ್ಯತ್ಯಾಸ ೩೦ ಗುಂಟೆ, ಎಂದರೆ ೩೨,೬೭೦ ಚದರ ಅಡಿ. ಅಣ್ಣತಮ್ಮಂದಿರು ನ್ಯಾಯಾಲಯದ ಮೆಟ್ಟಿಲೇರಲು ಇದರ ಹತ್ತನೆಯ ಒಂದು ಪಾಲೇ ಸಾಕಲ್ಲವೆ?

ಕನ್ನಡದಲ್ಲಿ ಪುಸ್ತಕವನ್ನು ಅಚ್ಚು ಹಾಕಲು ಬೇಕಾದ ಚೆಲುವಾದ ಅಕ್ಷರಗಳು ಇಂದು ನಮ್ಮಲ್ಲಿವೆ. ಕನ್ನಡದಲ್ಲಿ ಲೆಕ್ಕ ಬರೆಯಲು, ಮಳೆಯನ್ನು ಅಳೆಯಲು, ಪ್ರಯೋಗದ ಫಲಿತಾಂಶವನ್ನು ಸಾಲುಗೂಡಿಸಲು ಬೇಕಾದ ಅಕ್ಷರಗಳನ್ನೂ ನಾವು ರಚಿಸಿಕೊಳ್ಳಬೇಕು. ಲೆಕ್ಕದ ಕೆಲಸವನ್ನು ಇಂಗ್ಲಿಷಿಗೆ ಬಿಟ್ಟು ಕಥೆ ಕವನಗಳನ್ನು ಮಾತ್ರ ಇಟ್ಟುಕೊಂಡ ಭಾಷೆ ವಿಜ್ಞಾನದ ಭಾಷೆಯಾಗಲಾರದು. ಅಕ್ಷರರೂಪಗಳನ್ನು ರಚಿಸುವ ತರುಣರು ಈ ಕೆಲಸಕ್ಕೆ ಕೈಹಾಕಲಿ. ವಿಶ್ವವಿದ್ಯಾನಿಲಯಗಳೂ ಸರ್ಕಾರವೂ ಅದಕ್ಕೆ ಬೇಕಾದ ಅಳತೆಯನ್ನು ಗೊತ್ತುಮಾಡಿ ಕೊಡಲಿ. ಚೌಕುಳಿ ಕಾಗದ ಹೇಗಿರಬೇಕೆಂಬುದರಲ್ಲಿ ಅನುಮಾನ ಬಂದರೆ ಕೊಳ್ಳೇಗಾಲಕ್ಕೆ ಬರಲಿ. ಮಗ್ಗದ ಮುಂದೆ ಕುಳಿತವರು ತೋರಿಸಿಕೊಟ್ಟಾರು.